ಭಾವನ ಜೋಡಿ ಸಿಸ್ಟಮ್ಮು

ಕೆಟ್ಟ ಕಂಪ್ಯೂಟರನ್ನು ಸರಿ ಮಾಡುವವರನ್ನು ನೀವು ನೋಡಿರುತ್ತೀರಿ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟ ಪಡುವವರನ್ನು ನೋಡಬೇಕೇ? ಬಳ್ಳಾರಿಯ ಗಾಂಧಿನಗರಕ್ಕೆ ಬನ್ನಿ. ಅಲ್ಲಿ ನಮ್ಮ ಭಾವ ಇದ್ದಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇಡೀ ನೌಕರಿಯಲ್ಲಿ ಫ್ಯಾನಿನ ಸ್ವಿಚ್ಚನ್ನೂ ಸ್ವಂತ ಜವಾಬ್ದಾರಿಯ ಮೇಲೆ ಒತ್ತಿದವರಲ್ಲ. ಜವಾನ ಬರಲಿ ಎಂದು ಬಳ್ಳಾರಿಯ ಬಿಸಿಲಿನಲ್ಲಿ ಬೆವರುತ್ತ ಕೂತಿರುತ್ತಿದ್ದರಂತೆ. ಅಂಥವರಿಗೆ ನಿವೃತ್ತಿಯಾದ ಮೇಲೆ ಫೋನಿನಲ್ಲಿ ವಿಡಿಯೊ ನೋಡುವ ಚಟ ಹತ್ತಿತು. ಓರಗೆಯವರೆಲ್ಲ ಪ್ರವಚನ ಕೇಳಿದರು, ಮೊಣಕಾಲು ನೋವಿನ ಮದ್ದು ಹುಡುಕಿದರು. ಇವರು ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಹಾಕುವುದು ಹೇಗೆ ಎಂಬುದನ್ನು ನೋಡಿದರು! ಹಳೆಯ ವಿಂಡೋಸ್ ಇದ್ದಲ್ಲೇ ಇರಬೇಕು, ಅದರ ಪಕ್ಕದಲ್ಲಿ ಹೊಸದಾಗಿ ಲಿನಕ್ಸ್ ಬಂದು ಕೂರಬೇಕು, ಕಂಪ್ಯೂಟರ್ ಹಚ್ಚಿದ ಕೂಡಲೇ ಅದು ‘ಯಾವುದು ಬೇಕು’ ಎಂದು ಕೇಳಬೇಕು. ಯಾರಾದರೂ ಬಾಯಿ ತಪ್ಪಿ ‘ಎರಡು ಯಾಕೆ’ ಅಂದರೋ, ಅವರ ಆ ದಿನ ಹಾಳು.

“ಮನಿಗೆ ಎರಡು ಬಾಗಿಲಾ ಇದ್ದಂಗಲೇ ಅದು. ಮುಂದಿಂದು ಕೆಟ್ರ ಹಿಂದಿನದ್ರಾಗ ಹೋಗಬೌದು” ಎಂದು ನನಗೆ ಹೇಳಿದ್ದರು.

ನನಗೆ ತಿಳಿದ ಮಟ್ಟಿಗೆ ಭಾವ ಕೈಯಿಟ್ಟ ಮನೆಯಲ್ಲಿ ಎರಡು ಬಾಗಿಲೂ ಮುಚ್ಚಿಕೊಂಡು, ಮನೆಯವರು ಕಿಟಕಿಯಿಂದ ಇಳಿಯಬೇಕಾಗುತ್ತಿತ್ತು.

ಹೊಸ ಸಿಸ್ಟಮ್ ತುಂಬಿದ ಪೆನ್‌ಡ್ರೈವನ್ನು ಅವರು ಎಲ್ಲಿ ಇಟ್ಟುಕೊಳ್ಳುತ್ತಿದ್ದರು ಗೊತ್ತೇ? ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಯಾರದೋ ಮನೆಯಲ್ಲಿ ಚಹಾ ಕುಡಿಯುತ್ತ ಕೂತವರು ಇದ್ದಕ್ಕಿದ್ದಂತೆ ಅಂಗಿ ಎತ್ತತೊಡಗಿದರೆ ಹೊಸಬರು ಗಾಬರಿಯಾಗುತ್ತಿದ್ದರು. ಹಳಬರು ಓಡಿ ಹೋಗಿ ಕಂಪ್ಯೂಟರಿನ ಪ್ಲಗ್ ಕೀಳುತ್ತಿದ್ದರು.

ಸಿರುಗುಪ್ಪದಲ್ಲಿದ್ದ ಭಾವನ ದೊಡ್ಡಪ್ಪನ ಮಗ ಪ್ಲಗ್ ಕೀಳಲಿಲ್ಲ. ಅದೇ ಅವರು ಮಾಡಿದ ತಪ್ಪು. ಅವರದು ಅಕ್ಕಿ ಗಿರಣಿ. ಭತ್ತದ ಗಾಡಿಗಳನ್ನು ತೂಗುವ ಕಾಟಾಕ್ಕೆ ಒಂದು ಹಳೆಯ ಕಂಪ್ಯೂಟರ್ ಜೋಡಿಸಿದ್ದರು. ಮಾತಾಡಿಸಿಕೊಂಡು ಬರುತ್ತೇನೆಂದು ಸುಗ್ಗಿಯ ಸಮಯದಲ್ಲೇ ಹೋದ ಭಾವ, ಅಣ್ಣ ಊಟಕ್ಕೆ ಎದ್ದು ಹೋದದ್ದೇ ತಡ, ಅಂಗಿ ಎತ್ತಿದರು. ಅಣ್ಣ ಎಲೆ ಅಡಿಕೆ ಹಾಕಿಕೊಂಡು ಬರುವುದರೊಳಗೆ ಕಂಪ್ಯೂಟರಿನಲ್ಲಿ ಎರಡು ಸಿಸ್ಟಮ್ ಆಗಿದ್ದವು. ಅದು ‘ಯಾವುದು ಬೇಕು’ ಎಂದು ಕೇಳುವುದೇನೋ ಕೇಳುತ್ತಿತ್ತು. ಆದರೆ ಗಿರಣಿಯ ಗುಮಾಸ್ತರು ಕನ್ನಡಕ ಹುಡುಕುವಷ್ಟು ಹೊತ್ತು ಕಾಯುವ ಸೌಜನ್ಯ ಅದಕ್ಕಿರಲಿಲ್ಲ. ತಾನೇ ಹೊಸದರೊಳಗೆ ನುಗ್ಗಿಬಿಡುತ್ತಿತ್ತು. ತೂಗುವ ಪ್ರೋಗ್ರಾಮ್ ಇದ್ದದ್ದು ಹಳೆಯದರಲ್ಲಿ! ಭಾವ ಅದನ್ನು ಸರಿಪಡಿಸಲು ಹೋಗಿ, ಹಳೆಯದರ ಹೆಸರೇ ಪರದೆಯ ಮೇಲೆ ಬಾರದ ಹಾಗೆ ಮಾಡಿದರು. ಭತ್ತದ ಟ್ರ್ಯಾಕ್ಟರುಗಳು ಕರೂರಿನ ರಸ್ತೆಯುದ್ದಕ್ಕೂ ನಿಂತವು. ಡ್ರೈವರುಗಳು ಗಾಡಿಯ ನೆರಳಿನಲ್ಲಿ ಟವೆಲ್ ಹಾಸಿಕೊಂಡು ಮಲಗಿದರು. ಭಾವ ಮಾತ್ರ ಕುರ್ಚಿ ಬಿಡದೆ, ಇದಕ್ಕೆ ವೈರಸ್ಸೇ ಬರುವುದಿಲ್ಲ ಎಂದು ವಿವರಿಸುತ್ತಿದ್ದರಂತೆ.

“ಅಣ್ಣ, ಇದು ಪುಕ್ಕಟೆ ಐತಿ” ಎಂದರಂತೆ ಕೊನೆಗೆ.

“ನೀನೂ ಪುಕ್ಕಟೆನ ಬಂದಿ. ಅದಕ್ಕ ಪುಕ್ಕಟೆದ್ರ ಬೆಲೆ ಗೊತ್ತಾತು” ಎಂದರಂತೆ ಅಣ್ಣ.

ಬಳ್ಳಾರಿಯಿಂದ ತಿಳಿದವರೊಬ್ಬರು ಬಂದು ಹಳೆಯದನ್ನು ಎಬ್ಬಿಸಿದ ಮೇಲೆ ಗಾಡಿಗಳು ಕದಲಿದವು. ಭಾವನಿಗೆ ನಾಚಿಕೆಯಾಯಿತೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. “ಸಿರುಗುಪ್ಪದ ಮಂದಿ ಇನ್ನೂ ತಯಾರಿಲ್ಲ” ಎಂದು ಅವರು ಊರಿನ ಮೇಲೇ ತೀರ್ಪು ಕೊಟ್ಟು ಬಸ್ಸು ಹತ್ತಿದರು.

ಸುದ್ದಿ ನೆಂಟರಲ್ಲೆಲ್ಲ ಹಬ್ಬಿತು. ಕುರುಗೋಡಿನಲ್ಲಿ ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋದೆವು. ಆ ಮನೆಯವರು ಒಡವೆಯ ಬೀರುವನ್ನು ತೆರೆದೇ ಬಿಟ್ಟು, ಕಂಪ್ಯೂಟರ್ ಇದ್ದ ಕೋಣೆಗೆ ಬೀಗ ಹಾಕಿದ್ದರು. ನನಗೆ ಸಮಾಧಾನವಾಯಿತು. ನೆಮ್ಮದಿಯಾಗಿ ಹೋಳಿಗೆ ತಿನ್ನುತ್ತಿದ್ದೆ. ಆಚೆ ನೋಡಿದರೆ ಭಾವ ಫೋಟೊ ತೆಗೆಯಲು ಬಂದಿದ್ದವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾರೆ. ಆ ಬಡಪಾಯಿ, ನಮ್ಮ ಸ್ಟುಡಿಯೊದ ಸಿಸ್ಟಮ್ ಬಲು ನಿಧಾನ ಸಾರ್ ಎಂದು ಅಂದುಬಿಟ್ಟಿದ್ದ. ಅನ್ನಬಾರದ ಮನುಷ್ಯನ ಮುಂದೆ ಅನ್ನಬಾರದ ಮಾತು! ಊಟ ಮುಗಿದದ್ದೇ ಇಬ್ಬರೂ ಸ್ಟುಡಿಯೊಕ್ಕೆ ಹೋದರು. ಆಮೇಲೆ ನಡೆದದ್ದನ್ನು ಹೇಳುವುದೇನಿದೆ? ಹೆಸರಿಡುವ ಫೋಟೊಗಳು ಮನೆಗೆ ಬಂದಾಗ ಕೂಸು ತಾನೇ ನಡೆದು ಹೋಗಿ ಆಲ್ಬಮ್ ಇಸಿದುಕೊಂಡಿತು.

ಇಷ್ಟೆಲ್ಲ ಕಡೆ ದಂಡೆತ್ತಿ ಹೋದ ಈ ವೀರರಿಗೆ ಸ್ವಂತ ಮನೆಯ ಕಂಪ್ಯೂಟರನ್ನು ಮುಟ್ಟುವ ಧೈರ್ಯ ಮಾತ್ರ ಇರಲಿಲ್ಲ. ಅದು ಅಕ್ಕನದು. ಅಕ್ಕ ಮನೆಯಲ್ಲೇ ಕೂತು ಮದುವೆ ಕಾರ್ಡುಗಳನ್ನು ಕಂಪೋಸ್ ಮಾಡಿ ಪ್ರೆಸ್ಸುಗಳಿಗೆ ಕೊಡುತ್ತಾಳೆ. ಅವಳ ಹಳೆಯ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಹಳೆಯ ವಿಂಡೋಸ್ ಬಿಟ್ಟರೆ ಬೇರೆಲ್ಲೂ ತೆರೆಯುವುದಿಲ್ಲ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುವುದನ್ನು ನೋಡಿದರೆ, ಮದುಮಗಳ ಕಡೆಯವರು ಹೆಸರು ಹೇಳಿ ಮುಗಿಸುವ ಮೊದಲೇ ಕಾರ್ಡು ಅಚ್ಚಾಗಿಬಿಡುತ್ತದೇನೋ ಅನ್ನಿಸುತ್ತದೆ. ಕಂಪ್ಯೂಟರ್ ಮುಟ್ಟಿದರೆ ತವರಿಗೆ ಹೋಗುತ್ತೇನೆ ಎಂದು ಅವಳು ಭಾವನಿಗೆ ಹೇಳಿಬಿಟ್ಟಿದ್ದಳು. ತವರು ಅಂದರೆ ನಮ್ಮ ಮನೆ, ಹಿಂದಿನ ಬೀದಿ. ಆದರೂ ಭಾವ ಹೆದರಿದ್ದರು.

ಹೀಗಿರುವಾಗ ಅಕ್ಕನ ಗಂಟಲಿನಲ್ಲಿ ಗಡ್ಡೆ ಕಂಡು ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ಗೊತ್ತಾಗಿ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಮನೆಗೆ ಬಂದ ಅಕ್ಕನಿಗೆ ದನಿಯೇ ಇರಲಿಲ್ಲ. ಬಾಯಿ ಆಡಿಸಿದರೆ ಗಾಳಿ ಮಾತ್ರ ಬರುತ್ತಿತ್ತು. ಬಂದರೂ ಬರಬಹುದು, ಕಾಯಬೇಕು ಎಂದರು ಡಾಕ್ಟರು. ಮೊದಮೊದಲು ಅವಳು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಓದಲು ಯಾರಿಗೆ ಪುರುಸೊತ್ತು? ಅವಳು ಬರೆದು ತಲೆ ಎತ್ತುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಫೋನಿನ ಪುಟ್ಟ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವುದಕ್ಕೆ ಅವಳ ಬೆರಳು ಒಪ್ಪಲಿಲ್ಲ. ಆಮೇಲೆ ಬರೆಯುವುದನ್ನೂ ಬಿಟ್ಟಳು. ಕರೆದರೆ ಬರುವಳು, ಕೂತರೆ ಕೂತೇ ಇರುವಳು.

ಅಂಥ ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದರೆ ಕಂಡದ್ದೇನು? ಭಾವ ಅಕ್ಕನ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪೆನ್‌ಡ್ರೈವ್ ಅದರ ಹೊಟ್ಟೆಯೊಳಗಿದೆ. ಅಕ್ಕ ಮಂಚದ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಾಳೆ.

ನನಗೆ ಮೈಯೆಲ್ಲ ಉರಿಯಿತು. “ಆಕಿಗೆ ಬ್ಯಾಡ ಅನ್ನಾಕ ಬಾಯಿಲ್ಲಂತ ಇವತ್ತು ಮುಟ್ಟಿರೇನು ಭಾವ?” ಎಂದೆ.

ಅವರು ತಿರುಗಲಿಲ್ಲ. “ಕೇಳೇ ಮುಟ್ಟೀನಿ. ಹೂಂ ಅಂತ ತಲಿ ಆಡಿಸ್ಯಾಳ” ಎಂದರು. ಅಕ್ಕನ ಕಡೆ ನೋಡಿದೆ. ಹೌದೆಂದು ತಲೆಯಾಡಿಸಿದಳು. ಆ ತಲೆಯಾಡಿಸುವುದರಲ್ಲಿ, ಏನು ಬೇಕಾದರೂ ಆಗಲಿ ಎಂಬುದೊಂದೇ ಇತ್ತು.

ಹೊಸ ಸಿಸ್ಟಮ್ಮಿನಲ್ಲಿ ಕನ್ನಡ ಓದುವ ದನಿ ಇದೆಯಂತೆ. ಹಳೆಯದರಲ್ಲಿ ಅದು ಇಲ್ಲ. ಅಕ್ಕ ಟೈಪ್ ಮಾಡಿದರೆ ಹೊಸದು ಗಟ್ಟಿಯಾಗಿ ಹೇಳುತ್ತದಂತೆ. ಆದರೆ ಕಾರ್ಡಿನ ಕೆಲಸಕ್ಕೆ ಹಳೆಯದೂ ಇರಲೇಬೇಕಲ್ಲ. ಆದ್ದರಿಂದ ಭಾವ ಈ ಸಲ ಅಕ್ಕನ ಕೆಲಸವನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಇಳಿಸಿದ್ದರು. ಜನ್ಮದಲ್ಲಿ ಮೊದಲ ಬಾರಿಗೆ! ಸಿರುಗುಪ್ಪದ ಗಿರಣಿಗೆ ಇಲ್ಲದ ಎಚ್ಚರ ಇಲ್ಲಿ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು. ಒಂದೊಂದು ಗುಂಡಿ ಒತ್ತುವ ಮೊದಲೂ ಪರದೆಯ ಮೇಲಿನದನ್ನು ಬಾಯಿಬಿಟ್ಟು ಓದಿಕೊಳ್ಳುತ್ತಿದ್ದರು. ಹಳೆಯದು ಎದ್ದಿತೇ ಎಂದು ನೋಡಿದರು. ಎದ್ದಿತು. ಅರ್ಧಕ್ಕೆ ನಿಂತಿದ್ದ, ಮೋಕ ಎಂಬ ಊರಿನವರ ಮದುವೆ ಕಾರ್ಡು ಹಾಗೇ ತೆರೆಯಿತು. ಆಮೇಲೆ ಹೊಸದಕ್ಕೆ ಹೋಗಿ, ಅಕ್ಕನ ಬೆರಳಿಗೆ ಯಾವ ಅಕ್ಷರ ಯಾವ ಗುಂಡಿಯಲ್ಲಿ ರೂಢಿಯೋ ಅಲ್ಲೇ ಬರುವಂತೆ ಹೊಂದಿಸುತ್ತ ಕೂತರು. ಊಟದ ಹೊತ್ತು ಮೀರಿತು.

ಮೊದಲು ಬಂದ ದನಿ ಕೇಳಿ ನಾನು ನಕ್ಕುಬಿಟ್ಟೆ. ಇದೇನು ಕನ್ನಡವೇ? ಮೂಗಿನಲ್ಲಿ ಹತ್ತಿ ತುರುಕಿಕೊಂಡ ಪರದೇಶದವನೊಬ್ಬ ಡಬ್ಬಿಯೊಳಗೆ ಕೂತು ಪಾಠ ಒಪ್ಪಿಸಿದಂತಿತ್ತು. ಭಾವ ಕೀಲಿಮಣೆಯನ್ನು ಅಕ್ಕನ ತೊಡೆಯ ಮೇಲಿಟ್ಟರು.

ಅಕ್ಕ ಅದನ್ನು ನೋಡಿದಳು. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಬೆರಳುಗಳು ತಮ್ಮ ಹಳೆಯ ಓಟದಲ್ಲೇ ಓಡಿದವು.

“ಬೆಳಗಿಂದ ಅದರ ಮುಂದ ಕುಂತೀರಿ. ಏಳ್ರಿ. ಊಟ ಮಾಡ್ರಿ” ಎಂದಿತು ಡಬ್ಬಿ.

ಭಾವ ಏಳಲಿಲ್ಲ. ಕೈಯಲ್ಲಿದ್ದ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದರು. ಒದ್ದೆಯಾಗಿದ್ದು ಕನ್ನಡಕವಲ್ಲ ಎಂಬುದು ನನಗೂ ಕಂಡಿತು.

“ಇನ್ನೊಂದು ಸಲ ಬೈ” ಎಂದರು ಅಕ್ಕನಿಗೆ.

ಅಕ್ಕ ಅವರ ಮುಖ ನೋಡಿ ಮತ್ತೆ ಟೈಪ್ ಮಾಡಿದಳು. ಡಬ್ಬಿ ಅದೇ ಮೂಗಿನ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿತು:

“ಅಳಬ್ಯಾಡ್ರಿ. ನಾ ಇಲ್ಲೇ ಅದೀನಿ.”