ಮುತ್ತಜ್ಜ ಇಳಿದ ಸ್ಟಾಪು

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನಿಗೆ ಎರಡಕ್ಷರ ಕಂಡರೆ ಊರಿನ ಹೆಸರೇ ಕಾಣುತ್ತದೆ. ರಿಟೈರ್ ಆದರೂ ಈ ಚಾಳಿ ಬಿಟ್ಟಿಲ್ಲ. ಅದರಿಂದಾದ ಫಜೀತಿ ಒಂದೆರಡಲ್ಲ.

ಈ ಸಲದ್ದು ಶುರುವಾದದ್ದು ನನ್ನ ಸೋದರತ್ತೆಯಿಂದ. ಅವಳಿಗೆ ಎಂಬತ್ತೆಂಟು. ಅವಳು ಹುಟ್ಟುವ ಮೊದಲೇ ಅವಳಜ್ಜ, ಅಂದರೆ ನನ್ನ ಮುತ್ತಜ್ಜ, ಹೆಂಡತಿಯೊಡನೆ ಜಗಳಾಡಿ ಮನೆ ಬಿಟ್ಟವನು ತಿರುಗಿ ಬರಲಿಲ್ಲವಂತೆ.

"ಅಜ್ಜ ಎಲ್ಲಿ ಸತ್ತಾನ ಹುಡಿಕ್ಯಾಡು. ಅಲ್ಲಿ ನನ್ನ ಕೈಲೆ ಎಡಿ ಹಿಡಿಯೂತನಕ ನಾ ಸಾಯಂಗಿಲ್ಲ," ಎಂದಳು.

ಅತ್ತೆ ಹೇಳಿದ ಮೇಲೆ ಮುಗಿಯಿತು. ಯಮನೂ ಕಾಯಬೇಕು, ನಾನೂ ಓಡಬೇಕು.

೧. ಲೇಟಾದ ಬಸ್ಸು

ಜಮಖಂಡಿಯ ಕಚೇರಿಯಲ್ಲಿ ನಮ್ಮೂರಿನ ಹಳೆಯ ಮರಣ ರಿಜಿಸ್ಟರು ಸಿಕ್ಕಿತು. ಮುತ್ತಜ್ಜನ ಹೆಸರೂ ಸಿಕ್ಕಿತು. ಸತ್ತ ಸ್ಥಳ ಎಂಬಲ್ಲಿ ನಾಲ್ಕೇ ಅಕ್ಷರ: ಮು. ಮ. ಎ. ಮ.

ಮು ಅಂದರೆ ಮುಧೋಳ ತಾಲೂಕು, ಮ ಅಂದರೆ ಮಹಾಲಿಂಗಪುರ. ಆ ರೂಟಿನಲ್ಲಿ ಅದೆಷ್ಟು ಟಿಕೀಟು ಹರಿದಿದ್ದೇನೋ! ಮೊದಲ ಬಸ್ಸಿಗೇ ಹೋಗಿ, ಸ್ಟ್ಯಾಂಡಿನ ಹತ್ತಿರ ಬೆಲ್ಲದ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ನಮ್ಮ ಮುತ್ತಜ್ಜ ಇಲ್ಲೇ ತೀರಿಕೊಂಡಾರ್ರಿ. ಏನರ ಗೊತ್ತೈತೇನ್ರಿ?"

"ಯಾವಾಗ ತೀರಿಕೊಂಡ್ರು?"

"ತೊಂಬತ್ತ ವರ್ಷದ ಮ್ಯಾಲಾತ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಬಸ್ಸಿಗೆ ಬಂದಿ ತಮ್ಮಾ? ಭಾಳ ಲೇಟಾತು."

೨. ಅದರ ಕುಲಾ

ಉಳಿದೆರಡು ಅಕ್ಷರದ ಬಗ್ಗೆ ಅತ್ತೆ ಕೇಳಿದಳು. "ಎ. ಮ. ಅಂದ್ರ ಎಮ್ಮಿ ಇರಬೇಕು," ಎಂದುಬಿಟ್ಟೆ.

"ಎಮ್ಮಿ ಹಾಯ್ದು ಸತ್ನೇನೋ ನಮ್ಮಜ್ಜ!" ಎಂದು ಅವಳು ಅಳಲು ಕೂತಳು. ಅಂದಿನಿಂದ ನಮ್ಮ ಹಿತ್ತಲ ಎಮ್ಮೆಯ ಹಾಲಿನ ಚಹಾ ಬಂದ್. "ಅದರ ಕುಲಾನ ಛಲೋ ಅಲ್ಲ," ಎಂದಳು.

ನಾಲ್ಕನೆಯ ದಿನ ಅವಳಿಗೇ ತಡೆಯಲಾಗಲಿಲ್ಲ. "ಲೇ, ನಮ್ಮ ಎಮ್ಮಿ ಮಹಾಲಿಂಗಪುರದ್ದಲ್ಲಲಾ? ಹಂಗಾರ ನಡೀತೈತಿ, ಚಾ ಕುದಸು."

೩. ಮಜಕೂರ

ನಾನೂ ಸುಮ್ಮನೆ ಬಿಡುವವನಲ್ಲ. ಬನಹಟ್ಟಿಯಲ್ಲಿ ನಿವೃತ್ತ ತಲಾಟಿ, ಅಂದರೆ ಗ್ರಾಮಲೆಕ್ಕಿಗರೊಬ್ಬರಿದ್ದಾರೆ. ಹಳೇ ದಫ್ತರ ಓದುವುದರಲ್ಲಿ ಎತ್ತಿದ ಕೈ. ಮೊಬೈಲಿನಲ್ಲಿ ಆ ರಿಜಿಸ್ಟರಿನ ಫೋಟೋ ತೋರಿಸಿದೆ. ಅವರು ಚಷ್ಮಾ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಮು ಅಂದ್ರ ಮುಧೋಳ ಅಲ್ರಿ, ಮುಕ್ಕಾಂ. ಮ ಅಂದ್ರ ಮಜಕೂರ, ಅಂದ್ರ ಮ್ಯಾಲೆ ಬರದ ಊರನ. ನಿಮ್ಮೂರಾಗ ಸತ್ತಾರ."

"ಮತ್ತ ಎಮ್ಮಿ?"

"ಎದುರುಮನಿ!"

"ಮನಿ ಬಿಟ್ಟು ಹೋದ್ರಂತಲ್ರಿ?"

"ಮನಿ ಬಿಟ್ಟಾರ. ಊರ ಬಿಟ್ಟಾರಂತ ಯಾರ ಹೇಳ್ಯಾರ?"

ಅಷ್ಟು ವರ್ಷ ಟಿಕೀಟು ಹರಿದವನು ನಾನು. ಮುತ್ತಜ್ಜ ಬಸ್ಸೇ ಹತ್ತಿರಲಿಲ್ಲ.

೪. ಹನ್ನೆರಡು ಹೆಜ್ಜೆ

ಸುದ್ದಿ ಕೇಳಿ ಅತ್ತೆ ಕಟ್ಟೆಗೆ ಬಂದು ಎದುರುಮನೆಯನ್ನೇ ನೋಡುತ್ತ ಕೂತಳು.

"ಅಜ್ಜಿ ಸಾಯೂ ಮುಂದ, ಎದುರುಮನಿ ಹೊಸ್ತಿಲಾ ತುಳೀಬ್ಯಾಡ ಅಂತ ಆಣಿ ಹಾಕಿದ್ಲು. ಕಾರಣ ಹೇಳಲಿಲ್ಲ," ಎಂದಳು. ಆ ಆಣೆಗೆ ಕಟ್ಟುಬಿದ್ದು ಅವಳು ಇಷ್ಟು ವರ್ಷ ಆ ಮನೆಯಿಂದ ಹಾಲಿಗೆ ಹೆಪ್ಪು ಸಹ ತಂದಿರಲಿಲ್ಲ. "ಇಷ್ಟ ಹತ್ರ ಇದ್ದಾಂವನ್ನ ಒಮ್ಮಿ ಕರೀಬಾರದಿತ್ತೇನ ಆಕಿ?"



ಮರುದಿನ ಹೋಳಿಗೆ ಮಾಡಿಸಿ ನನ್ನ ಕೈ ಹಿಡಿದು ಹೊರಟಳು. "ಆಣಿ ಮುರೀತೇನಿ. ಮ್ಯಾಲೆ ಹೋದಮ್ಯಾಲೆ ಅಜ್ಜಿ ಕೂಡ ನಾನ ಜಗಳಾ ಆಡ್ತೇನಿ." ಹನ್ನೆರಡು ಹೆಜ್ಜೆಗೆ ಊರು ಬಂತು.

ಆ ಮನೆಯಾಕೆ ಎಲ್ಲ ಕೇಳಿ ದಂಗಾದರು. "ಅಯ್ಯ, ನಾವು ವರ್ಷಾ ಮಾನಮಿ ಅಮಾಸಿಗೆ ಎದುರುಮನಿ ಅಜ್ಜಂದು ಅಂತ ಒಂದ ಎಡಿ ಇಡ್ತೇವ್ರಿ. ಹಿರ್‍ಯಾರು ಹೇಳಿದ್ರು, ಇಡ್ತಿದ್ವಿ. ಯಾರಂತ ನಮಗೂ ಗೊತ್ತಿದ್ದಿಲ್ಲ!"

ಅತ್ತೆ ಅವರ ಕೈ ಹಿಡಿದು ಮನಸಾರೆ ಅತ್ತಳು. ಎಡೆ ಇಟ್ಟು ಕೈ ಮುಗಿದಳು. ನಾನು ನಿರಾಳವಾಗಿ, "ಆತಲಾ ಅತ್ತಿ? ಇನ್ನ ಸಮಾಧಾನ?" ಎಂದೆ.

"ಎಲ್ಲಿ ಸಮಾಧಾನ? ಇಬ್ರೂ ಎದಕ್ಕ ಜಗಳಾ ಆಡಿದ್ರು ಅನ್ನೂದು ತಿಳೀಬೇಕಲಾ! ಅದು ತಿಳಿಯೂತನಕ ನಾ ಸಾಯಂಗಿಲ್ಲ. ನಾಳಿ ಜಮಖಂಡಿಗೆ ಹೋಗು. ಜಗಳದ್ದೂ ಒಂದು ರಿಜಿಸ್ಟರ್ ಇದ್ದ ಇರತೈತಿ, ನೋಡ್ಕೊಂಡ ಬಾ."