ಗೇಟಿನ ಮೇಲಿನ ಕೆಂಪು ಕಾರ್ಡು

ರಾದ್ಧಾಂತಕ್ಕೆಲ್ಲ ಮೂಲ ಅಂಗೈಯಗಲದ ಒಂದು ತಗಡಿನ ಕಾರ್ಡು. ಬಣ್ಣ ಕೆಂಪು. ಕಳೆದ ಬೇಸಿಗೆಯಿಂದ ಅದು ವಾಚಣ್ಣನ ಗೇಟಿನ ಮೇಲೆ ನೇತಾಡುತ್ತಿತ್ತು.

ಗುಡ್ಡದ ಕಾಡಿಗೆ ಬೆಂಕಿ ಬಿದ್ದರೆ ಮನೆಗಳಿಗೆ ಹಬ್ಬದಿರಲಿ ಎಂದು ಅಗ್ನಿಶಾಮಕ ಕಚೇರಿಯವರು ಒಂದು ನಿಯಮ ಮಾಡಿದ್ದರು. ಮನೆಯ ಗೋಡೆಯಿಂದ ಸುತ್ತಲೂ ಮೂವತ್ತು ಅಡಿಯಲ್ಲಿ ಒಣಪೊದೆ, ತರಗೆಲೆ, ಕಟ್ಟಿಗೆ ಏನೂ ಇರಬಾರದು. ವರ್ಷಕ್ಕೊಮ್ಮೆ ಸಾಹೇಬರು ಬಂದು ನೋಡುತ್ತಾರೆ. ಚೊಕ್ಕಟವಾಗಿದ್ದರೆ ಹಸಿರು ಕಾರ್ಡು, ಇಲ್ಲದಿದ್ದರೆ ಕೆಂಪು. ಮುಂದಿನ ತಪಾಸಣೆಯವರೆಗೆ ಅದನ್ನು ಗೇಟಿನಿಂದ ತೆಗೆಯುವಂತಿಲ್ಲ.

ಹಾಗೆಂದು ವಾಚಣ್ಣ ಸೋಮಾರಿಯಲ್ಲ. ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದವನಿಗೆ ಯಾವ ಕೆಲಸವನ್ನೂ ಒರಟಾಗಿ ಮಾಡಲು ಬರುತ್ತಿರಲಿಲ್ಲ, ಅಷ್ಟೆ. ಕಳೆದ ವರ್ಷ ಅವನು ಒಣಹುಲ್ಲನ್ನು ಒಂದೊಂದೇ ಎಸಳು ಹಿಡಿದು ಕತ್ತರಿಸುತ್ತ ಕೂತಿದ್ದ. ಸಾಹೇಬರು ಬಂದಾಗ ಒಂದು ಚಾಪೆ ಹಾಸುವಷ್ಟು ಜಾಗ ಬಹಳ ಚೆನ್ನಾಗಿ ಸ್ವಚ್ಛವಾಗಿತ್ತು. ಉಳಿದದ್ದೆಲ್ಲ ಹಾಗೇ ಇತ್ತು.

ಕಾರ್ಡು ಅವನನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಅವನ ಹೆಂಡತಿಯನ್ನು. ಆಕೆ ಗುಡ್ಡದ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಬೆಂಕಿಯಿಂದ ಪಾರಾಗುವ ಪಾಠ ಹೇಳಿಕೊಡುವವಳೂ ಆಕೆಯೇ. ಹೋದ ವಾರ ಪಾಠದ ಮಧ್ಯೆ ಮುಂದಿನ ಬೆಂಚಿನ ಒಬ್ಬಳು ಪುಟ್ಟ ಹುಡುಗಿ ಎದ್ದು ನಿಂತು, ಮಿಸ್, ನಿಮ್ಮನೆ ಗೇಟಿಗೆ ಯಾಕೆ ಕೆಂಪು ಕಾರ್ಡು ಹಾಕಿದ್ದಾರೆ ಎಂದು ಕೇಳಿಬಿಟ್ಟಳು. ಟೀಚರು ಮುಂದಿನ ಪುಟ ತೆಗೆಯಿರಿ ಎಂದು ಹೇಗೋ ಮಾನ ಉಳಿಸಿಕೊಂಡು ಮನೆಗೆ ಬಂದಳು.

"ನೋಡಿ," ಎಂದಳು ಗಂಡನಿಗೆ. "ಈ ಸಲವೂ ಕೆಂಪೇ ಬಂದ್ರೆ ನಾನು ಯಾರಿಗೂ ಉತ್ತರ ಕೊಡೋದಿಲ್ಲ. ಸೋಮವಾರ ಬೆಳಿಗ್ಗೆ ನೀವೇ ಶಾಲೆಗೆ ಬನ್ನಿ. ಇನ್ನೂರು ಮಕ್ಕಳ ಮುಂದೆ ನಿಂತು ಯಾಕೆ ಅಂತ ನೀವೇ ಹೇಳಿ."

ಜನರ ಮುಂದೆ ಬಾಯಿ ತೆರೆಯುವುದೆಂದರೆ ವಾಚಣ್ಣನಿಗೆ ಜೀವ ಹೋದಂತೆ. ಅಂಗಡಿಗೆ ಗಿರಾಕಿ ಬಂದರೆ "ಮಂಗಳವಾರ" ಎಂದು ಗೊಣಗಿ ತಲೆ ತಗ್ಗಿಸುವವನು ಅವನು. ಸ್ವಂತ ಮದುವೆಯಲ್ಲಿ ಹಿರಿಯರೆಲ್ಲ ಸೇರಿ ಎರಡು ಮಾತಾಡಪ್ಪ ಎಂದು ಬಲವಂತ ಮಾಡಿದಾಗ ಎದ್ದು ನಿಂತು, "ಆಯ್ತು" ಎಂದು ಹೇಳಿ ಕೂತುಬಿಟ್ಟಿದ್ದ. ಅಂಥವನಿಗೆ ಇನ್ನೂರು ಮಕ್ಕಳು, ನಾನೂರು ಕಣ್ಣು. ಎರಡು ದಿನ ಅನ್ನ ಸೇರಲಿಲ್ಲ.

ತಪಾಸಣೆ ಶನಿವಾರ ಸಂಜೆ ನಾಲ್ಕಕ್ಕೆ. ಕಡಿದ ಪೊದೆಯನ್ನು ತುಂಬಿಕೊಂಡು ಹೋಗಲು ಮೇಲಿನ ರಸ್ತೆಗೆ ಕಚೇರಿಯ ಲಾರಿ ಬರುತ್ತದೆ, ಮೂರು ಗಂಟೆಯವರೆಗೆ ಮಾತ್ರ ನಿಲ್ಲುತ್ತದೆ ಎಂದು ನೋಟೀಸಿನಲ್ಲಿತ್ತು. ವಾಚಣ್ಣ ಶುಕ್ರವಾರವೇ ಅಂಗಡಿಗೆ ಬೀಗ ಹಾಕಿದ. ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು, ಈ ಸಲ ಎಸಳು ಎಣಿಸುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡು, ಕುಡುಗೋಲು ಹಿಡಿದು ಇಳಿದ.

ಅಭ್ಯಾಸ ಎಲ್ಲಿ ಬಿಟ್ಟೀತು. ಕಡಿದ ಕೊಂಬೆಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ, ಅಂಚು ಸರಿ ಮಾಡಿ, ದಾರದಿಂದ ಕಟ್ಟಿ ಜೋಡಿಸುತ್ತ ಹೋದ. ಆದರೂ ಭಯ ಎಂಥವರ ಕೈಗೂ ಚುರುಕು ತರುತ್ತದೆ. ಹನ್ನೊಂದರೊಳಗೆ ಕಟ್ಟುಗಳನ್ನೆಲ್ಲ ಎಪ್ಪತ್ತೆರಡು ಮೆಟ್ಟಿಲು ಹೊತ್ತು ಲಾರಿಗೆ ಹಾಕಿ ಬಂದ. ಹನ್ನೆರಡಕ್ಕೆ ಅಂಗಳ ಗುಡಿಸಿದ. ಮೂವತ್ತು ಅಡಿಗೆ ಎಲ್ಲಿ ಅನುಮಾನ ಬಂದೀತೋ ಎಂದು ಮೂವತ್ತೆರಡು ಅಡಿ ಗುಡಿಸಿದ. ಆಮೇಲೆ ಜಗಲಿಯ ಮೇಲೆ ಐದು ನಿಮಿಷ ಅಡ್ಡಾದ.

ಜರ್ರನೆ ಸದ್ದಾಯಿತು. ಕಣ್ಣು ಬಿಟ್ಟರೆ ಅಂಗಳದ ತುಂಬ ಮುಳ್ಳುಪೊದೆ. ಒಂದು ಆಳೆತ್ತರದ ರಾಶಿ, ಅದರ ತುದಿಯಲ್ಲಿ ಯಾರದೋ ಹಳೆಯ ಚಪ್ಪಲಿ.

ಆ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಮನೆಗಳು. ಮೇಲಿನ ಮನೆಯಲ್ಲಿ ಬಟ್ಟೆ ಹೊಲಿಯುವ ಟೈಲರಕ್ಕ, ನಡುವಿನ ಮನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು, ತಳದಲ್ಲಿ ವಾಚಣ್ಣ. ಮೇಲಿನವರಿಗೆ ಬೇಡವಾದದ್ದು ಕೆಳಗಿನವರ ಅಂಗಳಕ್ಕೆ ಜಾರುವುದು ಅಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ತರಗೆಲೆ, ಪಾತ್ರೆ ತೊಳೆದ ನೀರು, ಬುದ್ಧಿಮಾತು, ಎಲ್ಲವೂ ಹಾಗೆಯೇ ಇಳಿಯುತ್ತಿದ್ದವು. ಯಾರೂ ಜಗಳ ಆಡುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಕೆಳಗೊಬ್ಬರು ಇದ್ದರು. ವಾಚಣ್ಣನಿಗೆ ಮಾತ್ರ ಕೆಳಗೆ ಅರಣ್ಯ ಇಲಾಖೆಯ ಬೇಲಿ ಇತ್ತು, ಅದರ ಮೇಲೆ ಇಲ್ಲಿ ಏನನ್ನೂ ಎಸೆಯಬಾರದು ಎಂಬ ಬೋರ್ಡು ಇತ್ತು.

ಇದನ್ನು ಕೇಳದೆ ಬಿಡುವುದಿಲ್ಲ ಎಂದು ವಾಚಣ್ಣ ಮೆಟ್ಟಿಲು ಹತ್ತಿದ. ಹತ್ತುವಾಗ ಹೇಳಬೇಕಾದ ವಾಕ್ಯವನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡ. ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡು ತಮ್ಮ ಚೊಕ್ಕಟವಾದ ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ವಾಚಣ್ಣ ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಅದು ನಂದಲ್ಲ ಕಣಯ್ಯ. ಟೈಲರಕ್ಕ ನನ್ನ ಅಂಗಳಕ್ಕೆ ತಳ್ಳಿದ್ಳು, ನಾನು ಮುಂದಕ್ಕೆ ತಳ್ಳಿದೆ. ನಂದೂ ಒಂಚೂರು ಸೇರಿರಬಹುದು. ಕೇಳೋದಾದ್ರೆ ಅವಳನ್ನ ಕೇಳು."

ಚಪ್ಪಲಿ ಮಾತ್ರ ತಮ್ಮದೆಂದು ಒಪ್ಪಿಕೊಂಡು, ಬರುವಾಗ ತಂದುಕೊಡು ಎಂದರು.

ವಾಚಣ್ಣ ಇನ್ನೊಂದಿಷ್ಟು ಮೆಟ್ಟಿಲು ಹತ್ತಿದ. ಟೈಲರಕ್ಕ ಅವನನ್ನು ಕಂಡೊಡನೆ ಮುಖವರಳಿಸಿ, ದೇವರೇ ಕಳಿಸಿದ ಹಾಗೆ ಬಂದಿರಿ ಅಣ್ಣ, ಈ ಕೊಂಬೆ ಸ್ವಲ್ಪ ಹಿಡಿದುಕೊಳ್ಳಿ ಎಂದಳು. ಅವನು ಹಿಡಿದುಕೊಂಡ. ಸೂಜಿ ಹಿಡಿಯುವ ಕೈಗೆ ಮುಳ್ಳು ಚುಚ್ಚಿದರೆ ನಾಳೆ ಹೊಲಿಯುವುದು ಹೇಗೆ ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ಅವಳ ಹಿತ್ತಲಿನ ಉಳಿದ ಪೊದೆಯನ್ನೂ ವಾಚಣ್ಣನೇ ಕಡಿದಿದ್ದ. ಬಾಯಿಪಾಠ ಮಾಡಿದ್ದ ವಾಕ್ಯ ಗಂಟಲಲ್ಲೇ ಒಣಗಿಹೋಗಿತ್ತು.

"ಸಾಕು ಬಿಡಿ ಅಣ್ಣ, ಇನ್ನು ಕೆಳಗೆ ತಳ್ಳಿಬಿಡಿ," ಎಂದಳು ಟೈಲರಕ್ಕ.

ಕೆಳಗೆ ಎಂದರೆ ಎಲ್ಲಿಗೆ ಎಂಬುದು ವಾಚಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ತಲೆಯ ಮೇಲೆ ಹೊತ್ತುಕೊಂಡು ಮೇಲಿನ ರಸ್ತೆಗೆ ಹೊರಟ. ಹೋಗುವುದನ್ನು ಕಂಡ ಮೇಷ್ಟ್ರಿಗೆ ತಮ್ಮ ಕೊಟ್ಟಿಗೆಯ ಹಿಂದೆ ಉಳಿದಿದ್ದ ಮೂರು ಹೊರೆ ನೆನಪಾಯಿತು. ಹೇಗೂ ಹೋಗ್ತಾ ಇದ್ದೀಯಲ್ಲ ಎಂದರು. ಟೈಲರಕ್ಕನಿಗೂ ಹೇಗೂ ಹೋಗುವವನ ಮೇಲೆ ಹೇರಲು ಹರಿದ ಗೋಣಿಚೀಲ, ಮುರಿದ ಬುಟ್ಟಿ ಸಿಕ್ಕವು. ಮೇಷ್ಟ್ರು ನಡುವೆ ನಿಂತು ಎಡ, ಬಲ, ಎಡ ಎಂದು ಲಯ ತಪ್ಪದ ಹಾಗೆ ಸೀಟಿ ಊದಿದರು. ಸಹಾಯ ಎಂದರೆ ಅವರ ಲೆಕ್ಕದಲ್ಲಿ ಅದೇ.

ಹೀಗೆ ಊರವರ ಹೊರೆಯೆಲ್ಲ ಮೇಲೆ ಹೋಯಿತು. ತನ್ನ ಅಂಗಳದ ರಾಶಿಯಲ್ಲಿ ಒಂದಷ್ಟನ್ನು ಹೊತ್ತು ತರುವಷ್ಟರಲ್ಲಿ ವಾಚಣ್ಣ ಹತ್ತು ಮೆಟ್ಟಿಲಿಗೊಮ್ಮೆ ಕೂತು ಏಳತೊಡಗಿದ್ದ. ಕೈಗಡಿಯಾರ ನೋಡಿಕೊಂಡ. ಎರಡೂ ಮುಕ್ಕಾಲು. ಕೆಳಗೆ ಇನ್ನೂ ಐದು ಹೊರೆ. ಒಂದು ಹೊರೆಗೆ ಹತ್ತು ನಿಮಿಷವೆಂದರೂ ಮೂರೂವರೆ ದಾಟುತ್ತದೆ.

ಲಾರಿಯ ಡ್ರೈವರು ಆಗಷ್ಟೇ ನಿದ್ದೆ ಮುಗಿಸಿ, ಇಳಿದು ಮುಖ ತೊಳೆಯುತ್ತಿದ್ದ. ಇವನು ಅವನ ಮುಂದೆ ಹೋಗಿ ನಿಂತ. ಒಂದರ್ಧ ಗಂಟೆ ಹೆಚ್ಚು ನಿಲ್ಲಿಸಪ್ಪ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಡ್ರೈವರೇ ತನ್ನ ಕೈಯನ್ನು ಮುಂದೆ ಚಾಚಿದ.

"ಅಣ್ಣ, ವಾಚ್ ರಿಪೇರಿ ಮಾಡೋರು ನೀವೇ ಅಲ್ವಾ? ಇದು ಯಾಕೋ ಹಿಂದೆ ಬೀಳ್ತಾ ಇದೆ ಅಂತ ಅನುಮಾನ. ಫೋನ್ ನೋಡೋಣ ಅಂದ್ರೆ ಚಾರ್ಜ್ ಇಲ್ಲ. ಮೂರಕ್ಕೆ ಸರಿಯಾಗಿ ಹೊರಡಬೇಕು ನಾನು."

ಆ ಗಡಿಯಾರದಲ್ಲಿ ಗಂಟೆ ಎರಡಕ್ಕೆ ಐದು ನಿಮಿಷ ಕಡಿಮೆ. ವಾಚಣ್ಣ ಅದನ್ನು ಕಿವಿಗಿಟ್ಟುಕೊಂಡ. ಪಾಪದ್ದು, ಕಾಲಿಗೆ ಮುಳ್ಳು ಹೊಕ್ಕವರ ಹಾಗೆ ಕುಂಟುತ್ತಿತ್ತು. ಎರಡು ನಿಮಿಷದ ಕೆಲಸ. ಬೇಕಾದ ಪುಟ್ಟ ಸ್ಕ್ರೂಡ್ರೈವರು ಅಂಗಿಯ ಜೇಬಿನಲ್ಲೇ ಇತ್ತು, ಬೆರಳು ತಾನಾಗಿಯೇ ಅದರ ಕಡೆ ಹೋಯಿತು ಕೂಡ. ಮೂವತ್ತು ವರ್ಷದಲ್ಲಿ ಒಂದೇ ಒಂದು ಗಡಿಯಾರವನ್ನೂ ಅವನು ತಪ್ಪು ಸಮಯದೊಂದಿಗೆ ವಾಪಸ್ಸು ಕಳಿಸಿದ್ದಿಲ್ಲ. ಆದರೆ ಅದೇ ಕ್ಷಣದಲ್ಲಿ ಇನ್ನೂರು ಮಕ್ಕಳು ಸಾಲಾಗಿ ಕಣ್ಣ ಮುಂದೆ ಬಂದು ನಿಂತರು.

"ಸರಿಯಾಗಿದೆ," ಎಂದ ವಾಚಣ್ಣ.

ಹುಟ್ಟಿದ ಮೇಲೆ ಅವನು ಅಷ್ಟು ಸ್ಪಷ್ಟವಾಗಿ ಆಡಿದ ಮಾತು ಇನ್ನೊಂದಿಲ್ಲ. ಡ್ರೈವರು ನಿಶ್ಚಿಂತೆಯಿಂದ ಮತ್ತೆ ಸೀಟಿನ ಮೇಲೆ ಕಾಲು ಚಾಚಿದ.

ಆಮೇಲೆ ವಾಚಣ್ಣನಿಗೆ ಎಲ್ಲಿಂದ ಬಲ ಬಂತೋ ಅವನಿಗೇ ತಿಳಿಯದು. ಮನಸ್ಸು ಚುಚ್ಚುತ್ತಿತ್ತು, ಕಾಲು ಓಡುತ್ತಿತ್ತು. ನಾಳೆಯೇ ಆ ಡ್ರೈವರನ್ನು ಹುಡುಕಿ ಗಡಿಯಾರವನ್ನು ಪುಕ್ಕಟೆಯಾಗಿ ಸರಿ ಮಾಡಿಕೊಡುತ್ತೇನೆ ಎಂದು ಮೆಟ್ಟಿಲು ಮೆಟ್ಟಿಲಿಗೂ ಮಾತು ಕೊಟ್ಟುಕೊಳ್ಳುತ್ತ ಐದು ಹೊರೆಯನ್ನೂ ಏರಿಸಿದ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಡ್ರೈವರು ತನ್ನ ಗಡಿಯಾರ ನೋಡಿ, ಮೂರಾಯಿತು ಎಂದು ಹೇಳಿ ಲಾರಿ ಬಿಟ್ಟ.

ವಾಚಣ್ಣ ಇನ್ನೊಮ್ಮೆ ಅಂಗಳ ಗುಡಿಸಿ, ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಪಕ್ಕ ಕುಳಿತ. ಅಷ್ಟು ಹೊತ್ತಿಗೆ ಶಾಲೆಯ ಮೀಟಿಂಗು ಮುಗಿಸಿಕೊಂಡು ಹೆಂಡತಿ ಬಂದಳು. ಮನೆಯ ಸುತ್ತ ಒಂದು ಸುತ್ತು ಹಾಕಿದಳು. ನಂಬಿಕೆ ಬಾರದೆ ಟೈಲರಕ್ಕನಿಂದ ಟೇಪು ತರಿಸಿ ಅಳೆದಳು. ತಪ್ಪು ಸಿಗಲಿಲ್ಲ. ಮುಳ್ಳು ಗೀರಿದ ಗಂಡನ ಕೈಗಳನ್ನು ಹಿಡಿದು ನೋಡಿದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು.

ಆ ದನಿಯನ್ನು ವಾಚಣ್ಣ ಕೇಳಿ ಎಷ್ಟೋ ವರ್ಷವಾಗಿತ್ತು. ಅವನ ಕಣ್ಣು ತುಂಬಿ ಬಂತು. ಪೊದೆಯ ಧೂಳು ಎಂದು ಒರೆಸಿಕೊಂಡ.

ನಾಲ್ಕು ದಾಟಿತು. ನಾಲ್ಕೂವರೆಯಾಯಿತು. ಮೇಷ್ಟ್ರು, ಟೈಲರಕ್ಕ ಇಬ್ಬರೂ ಕೆಳಗಿಳಿದು ಬಂದು ಇವನ ಗೇಟಿನ ಹತ್ತಿರವೇ ಕಾದರು. ಐದಕ್ಕೆ ಮೇಲಿನ ರಸ್ತೆಯಲ್ಲಿ ಹಾರ್ನು ಕೇಳಿಸಿತು. ಮೆಟ್ಟಿಲಿಳಿದು ಬಂದವನು ಲಾರಿ ಡ್ರೈವರು. ಅವನ ಹಿಂದೆ ಸಾಹೇಬರಿರಲಿಲ್ಲ.

"ಸಾಹೇಬ್ರ ಜೀಪು ಕೆಟ್ಟಿತ್ತು," ಎಂದ ಡ್ರೈವರು ಮುಖ ಸಣ್ಣದು ಮಾಡಿಕೊಂಡು. "ಮೂರಕ್ಕೆ ಹೊರಟು, ಲೋಡು ಇಳಿಸಿ, ನಾಲ್ಕಕ್ಕೆಲ್ಲ ಅವರನ್ನ ಇಲ್ಲಿಗೆ ಕರ್ಕೊಂಡು ಬಾ ಅಂದಿದ್ರು. ನಾನು ಹೋಗಿ ನೋಡ್ತೀನಿ, ಕಾದು ಕಾದು ಸಾಕಾಗಿ ಯಾರದೋ ಬೈಕಲ್ಲಿ ಪಕ್ಕದ ಗುಡ್ಡಕ್ಕೆ ಹೋಗ್ಬಿಟ್ಟಿದ್ರು. ಆಫೀಸಲ್ಲಿ ಹೇಳಿದ್ರು, ಈ ಗುಡ್ಡದ ತಪಾಸಣೆ ಇನ್ನು ಮುಂದಿನ ಬೇಸಿಗೆಗೇ ಅಂತೆ. ಅಲ್ಲೀವರೆಗೆ ಎಲ್ಲರಿಗೂ ಹೋದ ವರ್ಷದ ಕಾರ್ಡೇ."

ಮೇಷ್ಟ್ರ ಕಾರ್ಡು ಹಸಿರು, ಟೈಲರಕ್ಕನದೂ ಹಸಿರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನು ಒಂದು ವರ್ಷ ಪೊದೆಯ ಗೊಡವೆಯಿಲ್ಲ ಎಂಬ ಸಂತೋಷವನ್ನು ಅವರು ಮರೆಮಾಚಲು ಹೋಗಲಿಲ್ಲ. ವಾಚಣ್ಣ ಮಾತ್ರ ಗೇಟಿನ ಕಂಬ ಹಿಡಿದುಕೊಂಡ.

ಡ್ರೈವರು ಕೈಯಿಂದ ಗಡಿಯಾರ ಬಿಚ್ಚಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಅರ್ಥವಾಗದ ಗೊಂದಲವಿತ್ತು.

"ಆಫೀಸಲ್ಲಿ ಎಲ್ಲರೂ ಬೈದ್ರು ಅಣ್ಣ. ಅರ್ಧ ಗಂಟೆ ಮುಂಚೇನೇ ಬಂದಿದ್ದೀನಿ ಅಂತ ನಾನು ಇದನ್ನ ತೋರಿಸಿ ಅವರ ಜೊತೆ ವಾದ ಬೇರೆ ಮಾಡಿದೆ. ನೀವೇ ಅಲ್ವಾ, ಕಿವಿಗೆ ಹಿಡಿದು ನೋಡಿ, ಸರಿಯಾಗಿದೆ ಅಂದಿದ್ದು?"

ಟೀಚರು ಡ್ರೈವರ ಗಡಿಯಾರ ನೋಡಿದಳು. ಗಂಡನ ಕೈಯಲ್ಲಿದ್ದ ಗಡಿಯಾರ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಇಪ್ಪತ್ತು ವರ್ಷ ಮಕ್ಕಳ ಮುಖ ನೋಡಿ ಕಳ್ಳತನ ಹಿಡಿದವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚೆನ್ನಾಗಿ ನಕ್ಕು, ಮತ್ತೆ ಟೀಚರಾದಳು.

"ರೀ, ಸೋಮವಾರ ನೀವು ಬೆಂಕಿ ಪಾಠದ ವಿಷಯ ಹೇಳೋದು ಬೇಡ," ಎಂದಳು.

ವಾಚಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

"ಸುಳ್ಳು ಹೇಳಬಾರದು ಅಂತ ಇನ್ನೊಂದು ಪಾಠ ಇದೆ. ಅದಕ್ಕೆ ಒಳ್ಳೇ ಉದಾಹರಣೆ ಸಿಗದೆ ವರ್ಷದಿಂದ ಹುಡುಕ್ತಾ ಇದ್ದೆ. ಎಂಟು ಗಂಟೆಗೆ ಬಂದುಬಿಡಿ. ಮಕ್ಕಳ ಅಪ್ಪ ಅಮ್ಮಂದಿರನ್ನೂ ಕರೆಸ್ತೀನಿ."