ಕೆಡದ ಇನ್ವರ್ಟರಿನ ರಿಪೇರಿ

ಮಳೆಗಾಲವನ್ನು ಎದುರಿಸಲು ಇಡೀ ಬಣಕಲ್‌ನಲ್ಲಿ ನನ್ನಷ್ಟು ಸಿದ್ಧನಾಗಿದ್ದ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಇದ್ದ ಜಂಬವೆಲ್ಲ ಆ ಜುಲೈ ತಿಂಗಳಲ್ಲೇ ಖರ್ಚಾಗಿ ಹೋಯಿತು!

ಹೆದ್ದಾರಿಯ ಪಕ್ಕ ನನ್ನದೊಂದು ಪಾತ್ರೆ ಅಂಗಡಿ. ಅಂಗಡಿಯ ಹಿಂದಿನ ಏರು ಓಣಿಯಲ್ಲಿ ಮನೆ. ಮನೆಯಲ್ಲಿ ನಾನು, ಹೆಂಡತಿ ಗಿರಿಜಾ, ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ ಗೌರಮ್ಮ. ಅತ್ತೆಗೆ ಉಬ್ಬಸ. ಬೇಸಿಗೆಯಲ್ಲಿ ಓಣಿಯ ಮನೆಮನೆ ಸುತ್ತಿ ಸುದ್ದಿ ಸಂಗ್ರಹಿಸಿ ತರುವ ಹೆಂಗಸು ಥಂಡಿ ಶುರುವಾದರೆ ಮಂಚ ಬಿಟ್ಟು ಇಳಿಯುವುದಿಲ್ಲ. ಸಂಜೆಯಾದರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೆಬುಲೈಸರ್ ಎಂಬ ಮಷೀನಿನಿಂದ ಔಷಧಿಯ ಆವಿ ಎಳೆದುಕೊಳ್ಳಬೇಕು. ಆ ಮಷೀನಿಗೆ ಕರೆಂಟ್ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎಂಬುದು ನೆಂಟರಿದ್ದ ಹಾಗೆ, ಬಂದರೆ ಬಂತು.

ಹಿಂದಿನ ವರ್ಷ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದಾಗ ಅತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಮೂಡಿಗೆರೆ ಆಸ್ಪತ್ರೆಗೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಸದಾ ಮಾತಾಡುವ ಅತ್ತೆಯ ಬಾಯಿಂದ ಎಳೆದೆಳೆದು ಬಿಡುವ ಸಣ್ಣ ಉಸಿರು ಮಾತ್ರ ಕೇಳಿಸುತ್ತಿತ್ತು. ನನಗೆ ಭಯವಾಗಿತ್ತು. ಇನ್ನೊಂದು ಸಲ ಹೀಗಾಗಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಅದರ ಫಲವೇ ಈ ವರ್ಷದ ಇನ್ವರ್ಟರ್. ಜೊತೆಗೆ ಗಿರಿಜಾಳ ತವರಿನ ಟ್ರಂಕಿನಷ್ಟು ದೊಡ್ಡ ಬ್ಯಾಟರಿ! ಅಂಗಳದಲ್ಲಿ ನಿಂತು ಓಣಿಯವರಿಗೆಲ್ಲ ಕೇಳುವಂತೆ ಘೋಷಿಸಿದೆ: "ಇನ್ನು ಮರ ಬೀಳಲಿ, ಕಂಬ ಬೀಳಲಿ, ಆಕಾಶವೇ ಬೀಳಲಿ. ಈ ಮನೆಯಲ್ಲಿ ದೀಪ ಆರುವುದಿಲ್ಲ."

ಎದುರುಮನೆಯ ಶಾಂತಕ್ಕ ಬಟ್ಟೆ ಒಣಹಾಕುತ್ತಿದ್ದವರು ತಿರುಗಿ ನೋಡಿದರು. "ಹೌದಾ ಚಂದ್ರಣ್ಣ? ಒಳ್ಳೇದಾಯ್ತು ಮಾರಾಯ್ರೆ, ಓಣಿಗೊಂದು ಇದ್ದಂಗಾಯ್ತು."

'ಓಣಿಗೊಂದು' ಎಂಬ ಮಾತಿಗೆ ನಾನು ಆಗ ಗಮನ ಕೊಡಬೇಕಿತ್ತು.

ಜುಲೈಯಲ್ಲಿ ಗಾಳಿ ಎದ್ದಿತು. ಘಾಟಿಯ ಕಡೆ ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ನಮ್ಮಲ್ಲಿ ಕರೆಂಟ್ ಹೋದ ತಕ್ಷಣ ಆಚೀಚೆ ಮನೆಗೆ "ನಿಮ್ಮಲ್ಲಿ ಇದ್ಯಾ?" ಎಂದು ಕೂಗಿ ಕೇಳುವುದು ವಾಡಿಕೆ. ಅವರಲ್ಲೂ ಇಲ್ಲ ಎಂದು ಗೊತ್ತಾದರೆ ಮನಸ್ಸಿಗೆ ಏನೋ ಒಂದು ಸಮಾಧಾನ. ಅವತ್ತು ಮೊದಲ ಬಾರಿಗೆ ನಮ್ಮ ಮನೆಯಿಂದ "ಇದೆ!" ಎಂಬ ಉತ್ತರ ಹೋಯಿತು. ಹೇಳಿದವನು ನಾನೇ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಶಾಂತಕ್ಕ ಮೊಬೈಲ್ ಮತ್ತು ಚಾರ್ಜರ್ ಹಿಡಿದು ಬಂದರು. ಬನ್ನಿ ಬನ್ನಿ ಎಂದೆ. ಅವರ ಬೆನ್ನಿಗೆ ಪಕ್ಕದ ಮನೆಯ ರೈಟರ್ ಮಂಜಪ್ಪನವರು ಬಂದರು. ಎಸ್ಟೇಟ್ ಒಂದರಲ್ಲಿ ಲೆಕ್ಕಪತ್ರ ಬರೆಯುವ ಮನುಷ್ಯ, ಬಲು ಸಂಭಾವಿತರು, ಎರಡು ಮೊಬೈಲ್. ಆಮೇಲೆ ಓಣಿಯೇ ಬಂತು! ಪ್ಲಗ್ ಸಾಲದೆ ಗಿರಿಜಾ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆದಳು, ಅದಕ್ಕೆ ಶಾಂತಕ್ಕ ಇನ್ನೊಂದನ್ನು ಸಿಕ್ಕಿಸಿದರು. ಯಾರೋ ಮಕ್ಕಳ ಒದ್ದೆ ಯೂನಿಫಾರ್ಮ್, ಕಾಲುಚೀಲ ತಂದು ನಮ್ಮ ಫ್ಯಾನಿನ ಕೆಳಗೆ ಹರಡಿದರು. ಇನ್ಯಾರೋ ಮಿಕ್ಸಿ ಸಮೇತ ನಾಳೆಯ ದೋಸೆಗೆ ನೆನೆಸಿದ ಅಕ್ಕಿ ತಂದರು. ಅತ್ತೆ ಮಂಚದ ಮೇಲೆ ಕೂತು ಎಲ್ಲರಿಗೂ ಧಾರಾವಾಹಿಯ ಹಿಂದಿನ ಕಥೆ ಹೇಳುತ್ತಿದ್ದರು. ಗಿರಿಜಾ ಎಲ್ಲರಿಗೂ ಕಾಫಿ ಕೊಟ್ಟಳು. ನಾನು ಸಾಲುಸಾಲು ಒದ್ದೆ ಕಾಲುಚೀಲಗಳ ನಡುವೆ ದಾನಶೂರನ ಮುಖ ಹೊತ್ತು ಕೂತಿದ್ದೆ.

ಎಲ್ಲರೂ ಹೋದ ಮೇಲೆ ಅತ್ತೆ ಮಾಸ್ಕ್ ಹಾಕಿಕೊಂಡರು. ಮಷೀನು ಶುರುವಾಗಿ ಸ್ವಲ್ಪ ಹೊತ್ತಿಗೆ ಇನ್ವರ್ಟರ್ 'ಟೀಂ ಟೀಂ' ಎಂದು ಬಡಿದುಕೊಳ್ಳತೊಡಗಿತು. ಬ್ಯಾಟರಿ ಖಾಲಿ! ಮನೆಯ ದೀಪಗಳನ್ನೆಲ್ಲ ಆರಿಸಿ, ಕೈ ಮುಗಿದು ನಿಂತೆ. ಔಷಧಿ ಮುಗಿಯುವುದಕ್ಕೂ ಇನ್ವರ್ಟರ್ ಸಾಯುವುದಕ್ಕೂ ಸರಿಹೋಯಿತು. ಒಂದು ಮಿಕ್ಸಿ ಹೆಚ್ಚಾಗಿದ್ದರೆ ಏನು ಗತಿಯಾಗುತ್ತಿತ್ತು ಎಂದು ಯೋಚಿಸುತ್ತ ರಾತ್ರಿಯೆಲ್ಲ ಎದ್ದು ಕೂತಿದ್ದೆ.

ಮರುದಿನ ಕರೆಂಟ್ ಬಂತು, ಬ್ಯಾಟರಿ ತುಂಬಿತು. ಅಷ್ಟರಲ್ಲಿ ನಾನೊಂದು ಘನ ನಿರ್ಧಾರಕ್ಕೆ ಬಂದಿದ್ದೆ. ಇನ್ವರ್ಟರ್ ಅತ್ತೆಯ ಉಸಿರಿಗಾಗಿ ತಂದದ್ದು, ಊರಿನ ದೋಸೆಗಾಗಿ ಅಲ್ಲ. ಇದನ್ನು ಶಾಂತಕ್ಕನಿಗೆ ಹೇಳಿದ್ದರೆ ಅವರೇ ಬಾಗಿಲಲ್ಲಿ ನಿಂತು ಎಲ್ಲರನ್ನೂ ವಾಪಸ್ ಕಳಿಸುತ್ತಿದ್ದರು. ಆದರೆ ನೇರವಾಗಿ ಹೇಳುವುದಕ್ಕೆ ನನಗೆ ದಾಕ್ಷಿಣ್ಯ. ಆದ್ದರಿಂದ ಸುಲಭದ ದಾರಿ ಹಿಡಿದೆ. ಸುಳ್ಳು ಹೇಳಿದೆ.

"ಇನ್ವರ್ಟರ್ ಸುಟ್ಟೋಯ್ತು ಶಾಂತಕ್ಕ."

"ಅಯ್ಯೋ ದೇವ್ರೇ! ಗೌರಮ್ಮನೋರಿಗೆ ಎಂತ ಮಾಡ್ತೀರಿ ಹಂಗಾದ್ರೆ?"

"ಏನೋ, ದೇವರಿದಾನೆ" ಎಂದು ನಿಟ್ಟುಸಿರು ಬಿಟ್ಟೆ. ನಿಟ್ಟುಸಿರು ಬಹಳ ಚೆನ್ನಾಗಿ ಬಂದಿತ್ತು.

ಮತ್ತೆ ಗಾಳಿ, ಮತ್ತೆ ಮರ, ಮತ್ತೆ ಕತ್ತಲೆ. ಈ ಸಲ ಒಂದಲ್ಲ, ಸಾಲಾಗಿ ಕಂಬಗಳೇ ಉರುಳಿವೆ ಎಂದರು. ನಾನು ಕಾರ್ಯಾಚರಣೆಗೆ ಇಳಿದೆ. ಕಿಟಕಿಗಳಿಗೆ ಕಂಬಳಿ ಹೊಡೆದೆ. ಹಿತ್ತಲ ಬಾಗಿಲಿಗೆ ಕಾಫಿ ಒಣಗಿಸುವ ಟಾರ್ಪಾಲು ಇಳಿಬಿಟ್ಟೆ. ಎಕ್ಸ್‌ಟೆನ್ಷನ್ ಬಾಕ್ಸುಗಳನ್ನು ಬಚ್ಚಿಟ್ಟೆ. ಯಾರಾದರೂ ಬಾಗಿಲು ತಟ್ಟಿದರೆ ದೀಪ ಆರಿಸಿ, ಮೇಣದಬತ್ತಿ ಹಚ್ಚಿಕೊಂಡು ಹೋಗಿ, ಕಣ್ಣು ಕಿರಿದು ಮಾಡಿಕೊಂಡು "ಯಾರು?" ಎನ್ನಬೇಕೆಂದು ಮನೆಮಂದಿಗೆ ತರಬೇತಿ ಕೊಟ್ಟೆ.

"ನಿಮಗೇನಾದ್ರೂ ತಲೆ ಸರಿ ಇದೆಯೇನ್ರೀ?" ಎಂದಳು ಗಿರಿಜಾ.

ಅವಳ ಕೋಪಕ್ಕೆ ಕಾರಣವಿತ್ತು. ಬ್ಯಾಟರಿ ತುಂಬಿದ್ದರೂ ಮಿಕ್ಸಿ ಹಾಕುವಂತಿಲ್ಲ, ಸದ್ದು ಹೊರಗೆ ಹೋಗುತ್ತದೆ. ಅವಳು ಒರಳಿನಲ್ಲಿ ಚಟ್ನಿ ಅರೆದಳು. ಸಂಜೆ ಸ್ವಲ್ಪ ಹೊತ್ತು ಟೀವಿ ಹಾಕಬಹುದು, ಆದರೆ ಸದ್ದಿಲ್ಲದೆ. ಅತ್ತೆಗೆ ಧಾರಾವಾಹಿಯಲ್ಲಿ ಯಾರು ಯಾರಿಗೆ ಯಾಕೆ ಬೈಯುತ್ತಿದ್ದಾರೆ ಎಂದು ತಿಳಿಯದೆ ನಾನು ಪಕ್ಕದಲ್ಲಿ ಕೂತು ಊಹಿಸಿ ಹೇಳಬೇಕಾಯಿತು.

"ಅಳಿಯಂದ್ರೆ, ಮೊದ್ಲು ಕರೆಂಟ್ ಇಲ್ದೇ ಕತ್ಲೇಲಿ ಕೂತಿರ್ತಿದ್ವಿ" ಎಂದರು ಅತ್ತೆ. "ಈಗ ಕರೆಂಟ್ ಇಟ್ಕೊಂಡೂ ಹಂಗೇ ಕೂತಿದೀವಿ. ಮೊದ್ಲು ನಾಲ್ಕು ಜನ ಆದ್ರೂ ಬಂದು ಮಾತಾಡ್ಸೋರು."

"ಎಲ್ಲ ನಿಮ್ಮ ಉಸಿರಿಗಾಗಿ ಅತ್ತೆ" ಎಂದೆ. ಅದು ಸುಳ್ಳಲ್ಲ. ಆದರೆ ಹೇಳುವಾಗ ಯಾಕೋ ಸುಳ್ಳಿನ ಹಾಗೆಯೇ ಕೇಳಿಸಿತು.

ಇನ್ನೊಂದು ಸಮಸ್ಯೆ ಉಳಿದಿತ್ತು. ನೆಬುಲೈಸರ್ ಗುರ್ರ್ ಎಂದು ಸದ್ದು ಮಾಡುತ್ತದೆ. ಮಂಜಪ್ಪನವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಗೋಡೆ. ಸದ್ದನ್ನು ಸದ್ದಿನಿಂದಲೇ ಮುಚ್ಚಬೇಕು! ಸಂಜೆ ಅತ್ತೆ ಮಾಸ್ಕ್ ಹಾಕಿಕೊಂಡ ಕೂಡಲೇ ನಾನು ಮಂಚದ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತು, ಎದೆ ತುಂಬ ಉಸಿರೆಳೆದು, "ಓಂ ನಮಃ ಶಿವಾಯ! ಓಂ ನಮಃ ಶಿವಾಯ!" ಎಂದು ಶುರು ಹಚ್ಚಿದೆ. ಮಷೀನು ನಿಲ್ಲುವವರೆಗೆ ನಾನೂ ನಿಲ್ಲಲಿಲ್ಲ. ಹಬ್ಬದ ದಿನವೂ ದೇವರಮನೆಯಲ್ಲಿ ಅವಸರ ಮಾಡುವ ನನ್ನ ಈ ಭಕ್ತಿ ನೋಡಿ ಗಿರಿಜಾ ಹಣೆ ಚಚ್ಚಿಕೊಂಡಳು. ಮರುದಿನವೂ ಹಾಗೇ ಮಾಡಿದೆ. ಗಂಟಲು ಬಿದ್ದುಹೋಗಿ ದನಿ ನಡುಗುತ್ತಿತ್ತು.

ಈ ಜಪ ಓಣಿಯಲ್ಲಿ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ನಾನು ಯೋಚಿಸಿರಲೇ ಇಲ್ಲ. ನೀವೇ ಯೋಚಿಸಿ. ಉಬ್ಬಸದ ಮುದುಕಿ, ಸುಟ್ಟುಹೋದ ಇನ್ವರ್ಟರ್, ಕತ್ತಲು ಮನೆ, ಒಳಗಿನಿಂದ ಅಳಿಯನ ಒಡೆದ ದನಿಯಲ್ಲಿ ಶಿವನಾಮ. ನಮ್ಮವರಲ್ಲಿ ಹಾಸಿಗೆಯ ಪಕ್ಕ ಕೂತು ಹಾಗೆ ಹೇಳುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು.

ಮೂರನೆಯ ದಿನ ಥಂಡಿ ಜಾಸ್ತಿಯಿತ್ತು. ಅತ್ತೆಗೆ ಬೆಳಗಿನಿಂದಲೂ ಅಷ್ಟಕ್ಕಷ್ಟೆ. ಸಂಜೆ ಬೇಗನೆ ಮಷೀನು ಹಾಕಿದೆವು. ನಾನು ಜಪ ಹಿಡಿದೆ. ಅರ್ಧದಲ್ಲಿ ಓಣಿಯಲ್ಲಿ ಏನೋ ಗದ್ದಲ. ಗಾಡಿಯ ಚಕ್ರ ಕೆಸರಿನಲ್ಲಿ ಸುತ್ತುವ ಸದ್ದು, "ಐಸಾ! ತಳ್ಳಿ, ಇನ್ನೂ ತಳ್ಳಿ" ಎನ್ನುವ ಕೂಗು. ನೋಡನೋಡುತ್ತ ನಮ್ಮ ಬಾಗಿಲಿಗೇ ದಬದಬ ಬಡಿತ.

"ಚಂದ್ರಣ್ಣ! ಬಾಗ್ಲು ತೆಗೀರಿ! ಹೆದ್ರಬೇಡಿ, ನಾವೆಲ್ಲ ಬಂದಿದೀವಿ!"

ನಾನು ಹೆದರಿಬಿಟ್ಟೆ! ದೀಪ ಉರಿಯುತ್ತಿದೆ, ಟೀವಿ ಓಡುತ್ತಿದೆ. ಎರಡೇ ನೆಗೆತಕ್ಕೆ ಹೋಗಿ ಹಿತ್ತಲ ಬಾಗಿಲ ಪಕ್ಕದ ಮೂಲೆಯಲ್ಲಿದ್ದ ಇನ್ವರ್ಟರಿನ ಸ್ವಿಚ್ಚನ್ನೇ ಆರಿಸಿದೆ. ಎಲ್ಲ ಕತ್ತಲಾಯಿತು. ಬಚಾವಾದೆ ಎಂದುಕೊಂಡು ಮೇಣದಬತ್ತಿಗೆ ತಡಕಾಡುತ್ತ ಮುಂಬಾಗಿಲ ಕಡೆ ಬಂದೆ.

ಮಷೀನೂ ನಿಂತಿತ್ತು.

ಕತ್ತಲಲ್ಲಿ ಅತ್ತೆಯ ಉಸಿರು ಮಾತ್ರ ಕೇಳಿಸುತ್ತಿತ್ತು. ಸಣ್ಣಗೆ, ಎಳೆದೆಳೆದು, ಹಿಂದಿನ ವರ್ಷ ಜೀಪಿನಲ್ಲಿ ಕೇಳಿದ ಅದೇ ಉಸಿರು. "ರೀ, ಸ್ವಿಚ್ ಹಾಕ್ರೀ!" ಎಂದು ಗಿರಿಜಾ ಕಿರುಚಿದಳು. ನಾನು ಹಾಕಲಿಲ್ಲ. ತಕ್ಷಣ ಹಾಕಲಿಲ್ಲ ಎಂದು ಹೇಳಬೇಕು. ಬಾಗಿಲಾಚೆ ಜನ ಇದ್ದಾರಲ್ಲ ಎಂದು ಒಂದು ಗಳಿಗೆ ಯೋಚಿಸಿದೆ. ಆ ಗಳಿಗೆಯಲ್ಲಿ ಅತ್ತೆಯ ಉಸಿರಿಗಿಂತ ನನ್ನ ಮುಖ ನನಗೆ ಮುಖ್ಯವಾಗಿತ್ತು. ಅದು ನೆನಪಾದರೆ ಈಗಲೂ ನಗು ಬರುವುದಿಲ್ಲ. ಬುದ್ಧಿ ಬಂದು ಸ್ವಿಚ್ಚಿನ ಕಡೆ ಓಡಿದಾಗ ನಾನೇ ಕಟ್ಟಿದ್ದ ಟಾರ್ಪಾಲು ಕಾಲಿಗೆ ಸುತ್ತಿಕೊಂಡು, ಧಡ್ ಎಂದು ಬಿದ್ದೆ!

ಕತ್ತಲಲ್ಲಿ ಸ್ವಿಚ್ ಕಾಣದೆ ಗಿರಿಜಾ ಬಾಗಿಲು ತೆರೆದಳು. ಟಾರ್ಚುಗಳು ನುಗ್ಗಿದವು. ಶಾಂತಕ್ಕ ನೇರ ಮಂಚದ ಬಳಿ ಓಡಿ ಅತ್ತೆಯನ್ನು ಎತ್ತಿ ಕೂರಿಸಿ ಬೆನ್ನು ನೀವತೊಡಗಿದರು. "ಫೆಲಿಕ್ಸಣ್ಣಾ, ಬೇಗ!" ಎಂದು ಮಂಜಪ್ಪನವರು ಕೂಗಿದರು. ಫೆಲಿಕ್ಸ್ ಎಂದರೆ ಊರಿನ ಮದುವೆಗಳಿಗೆಲ್ಲ ಶಾಮಿಯಾನ ಹಾಕುವವನು. ತನ್ನ ಪಿಕಪ್ಪಿನಲ್ಲಿ ಜನರೇಟರ್ ಹೇರಿಕೊಂಡು ಬಂದಿದ್ದ. ಏರು ಹತ್ತದ ಗಾಡಿಯನ್ನು ಓಣಿಯವರೆಲ್ಲ ಸೇರಿ ತಳ್ಳಿದ್ದರು. ಎಲ್ಲರ ಬಟ್ಟೆಯೂ ಕೆಸರುಮಯ.

ಜನರೇಟರ್ ಗಡಗಡ ಎಂದಿತು. ಅವಸರದಲ್ಲಿ ಜನರೇಟರಿನಿಂದ ಬಿಚ್ಚಲು ಮರೆತಿದ್ದ ಮದುವೆಮನೆಯ ಸೀರಿಯಲ್ ಸೆಟ್ ದೀಪದ ಸರ ಕೆಂಪು, ಹಸಿರು, ಹಳದಿಯಾಗಿ ಮಿನುಗತೊಡಗಿತು! ಕಿಟಕಿಯ ಕಂಬಳಿಯನ್ನು ಕಿತ್ತೆಸೆದು ಫೆಲಿಕ್ಸ್ ವಯರ್ ಒಳಗೆ ಕೊಟ್ಟ. ಮಷೀನು ಗುರ್ರ್ ಎಂದಿತು. ಅತ್ತೆಯ ಭುಜಗಳು ಮೆಲ್ಲಗೆ ಇಳಿದವು. ಕೆಂಪು ಹಸಿರು ಬೆಳಕಿನಲ್ಲಿ ಎಲ್ಲರೂ ಅವರ ಉಸಿರನ್ನೇ ನೋಡುತ್ತ ನಿಂತಿದ್ದರು. ನಾನು ಟಾರ್ಪಾಲಿನೊಳಗೆ ಕೂತು ಅತ್ತುಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮಂಜಪ್ಪನವರಿಗೆ ಪರೋಪಕಾರ ಬುದ್ಧಿ ಬಹಳ. "ಎಲ್ಲಿ, ಆ ಇನ್ವರ್ಟರಿಗೆ ಏನಾಗಿದೆ ನೋಡ್ವ" ಎಂದು ಮೂಲೆಗೆ ಹೋದರು.

"ಬೇಡ ಮಂಜಪ್ಪನೋರೆ! ಶಾಕ್ ಹೊಡೆಯತ್ತೆ!" ಎಂದು ಕೂಗಿದೆ.

ಅವರು ಸ್ವಿಚ್ ಒತ್ತಿದರು. ಹಾಲ್‌ನ ದೀಪ ಉರಿಯಿತು. ಅಡುಗೆಮನೆಯ ದೀಪವೂ ಉರಿಯಿತು. ಟೀವಿಯಲ್ಲಿ ಸೊಸೆಯೊಬ್ಬಳು ಸದ್ದಿಲ್ಲದೆ ಅತ್ತೆಗೆ ಬೈಯತೊಡಗಿದಳು.

"ಅರೆ! ನಾನು ಮುಟ್ಟಿದ್ದಷ್ಟೇ ಮಾರಾಯ್ರೆ!" ಎಂದರು ಮಂಜಪ್ಪನವರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಉಳಿದವರು ನೋಡಿದರು. ಕಿಟಕಿಯಲ್ಲಿ ಉಳಿದ ಕಂಬಳಿಗಳನ್ನು, ಟಾರ್ಪಾಲನ್ನು, ಟೀವಿಯನ್ನು, ಕೊನೆಗೆ ನನ್ನನ್ನು. ಯಾರಾದರೂ ಬೈದಿದ್ದರೆ ನಾನು ಏನಾದರೂ ವಾದ ಮಾಡುತ್ತಿದ್ದೆ. ಅದಕ್ಕೂ ನಾನು ಸಿದ್ಧನಿದ್ದೆ. ಯಾರೂ ಬೈಯಲಿಲ್ಲ. ಶಾಂತಕ್ಕ ಸೆರಗಿನಿಂದ ಕೈಯ ಕೆಸರು ಒರೆಸಿಕೊಂಡು, "ಮಂಜಪ್ಪನೋರ ಕೈಗುಣ ಒಳ್ಳೇದು. ರಿಪೇರಿ ಆಯ್ತಲ್ಲ ಚಂದ್ರಣ್ಣ, ಅಷ್ಟೇ ಸಾಕು" ಎಂದರು. ಹೌದು ಹೌದು ಎಂದರು ಎಲ್ಲರೂ. ಫೆಲಿಕ್ಸ್ ಮಾತ್ರ ಆಚೆ ತಿರುಗಿ ವಯರ್ ಸುತ್ತುವ ನೆಪದಲ್ಲಿ ಹೆಗಲು ಕುಲುಕಿಸಿ ನಗುತ್ತಿದ್ದ. ನಾನು ತಲೆ ತಗ್ಗಿಸಿ ಟಾರ್ಪಾಲು ಮಡಚತೊಡಗಿದೆ.

ಅತ್ತೆ ಮಾಸ್ಕ್ ತೆಗೆದರು. ನನ್ನನ್ನು ನೋಡಿದರು.

"ಅಳಿಯಂದ್ರೆ, ನನ್ನ ಚಾರ್ಜ್ ಆಯ್ತು. ಇನ್ನು ಅವ್ರ ಫೋನುಗಳನ್ನ ಹಾಕಿ."

ಎಕ್ಸ್‌ಟೆನ್ಷನ್ ಬಾಕ್ಸುಗಳು ಮಂಚದ ಕೆಳಗೆ, ಅಕ್ಕಿ ಚೀಲದ ಹಿಂದೆ ಇದ್ದವು. ಓಣಿಯವರೆಲ್ಲ ನೋಡುತ್ತಿರುವಂತೆ ನಾನು ಬೋರಲು ಮಲಗಿ ತೆವಳುತ್ತ ಒಳಗೆ ಹೋದೆ. ಮೇಲೆ ಮಂಚದಲ್ಲಿ ಅತ್ತೆ ಶಾಂತಕ್ಕನಿಗೆ ಸಮಾಧಾನ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಅಳಿಯಂದ್ರು ಒಳ್ಳೆಯವ್ರೇ ಕಣೆ ಶಾಂತಾ. ಸ್ವಲ್ಪ ತಯಾರಿ ಜಾಸ್ತಿ, ಅಷ್ಟೇ."

ಬಾಕ್ಸ್ ಕೈಗೆ ಸಿಕ್ಕಿತ್ತು. ಆದರೂ ಮಂಚದ ಕೆಳಗಿನಿಂದ ಹೊರಗೆ ಬರಲು ನಾನು ಅವಸರ ಮಾಡಲಿಲ್ಲ.